ಹೊಸದಾಗಿ ವ್ಯಾಯಾಮ ಶುರು ಮಾಡುವವರು ವಾರಕ್ಕೆ ಎಷ್ಟು ದಿನ ಮಾಡಬೇಕು?

ಬಟ್ಟೆ ಅಂಗಡಿ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ನನಗೆ 42 ವರ್ಷ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ ಅಂಗಡಿಯಲ್ಲಿ ಕೂತೇ ಇರುತ್ತೇನೆ. ಸ್ಕೂಲು ಬಿಟ್ಟ ಮೇಲೆ ಆಟ, ಓಟ ಅಂತ ಏನೂ ಮಾಡಿದವಳಲ್ಲ. ತುಲಾ ಸಂಕ್ರಮಣ ಮುಗಿಯಿತು, ಮಳೆಯೂ ಬಿಟ್ಟಿದೆ. ಈಗ ಶುರು ಮಾಡಿದರೆ ಮುಂದಿನ ಮಳೆಗಾಲದ ಹೊತ್ತಿಗೆ ಅಭ್ಯಾಸ ಆಗಿರುತ್ತದೆ ಅಂತ ಲೆಕ್ಕ ಹಾಕಿದ್ದೇನೆ.

ಆದರೆ ಎಷ್ಟು ದಿನ ಅನ್ನುವುದರಲ್ಲೇ ಗೊಂದಲ. ಒಂದು ಜಿಮ್‌ನಲ್ಲಿ ವಿಚಾರಿಸಿದೆ, ಆರು ದಿನದ ಚಾರ್ಟ್ ಕೊಟ್ಟರು. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು, ಹೀಗೆ. ನಾದಿನಿ ವಾರಕ್ಕೆ ಎರಡು ದಿನ ಸಾಕು ಅನ್ನುತ್ತಾಳೆ. ಯಜಮಾನರು ದಿನಾ ವಾಕಿಂಗ್ ಹೋದರೆ ಬೇರೇನೂ ಬೇಡ ಅನ್ನುತ್ತಾರೆ. ಸಣ್ಣ ಆಗುವುದು ನನಗೆ ಮುಖ್ಯ ಅಲ್ಲ. ಮಹಡಿ ಹತ್ತಿದರೆ ಏದುಸಿರು ಬರಬಾರದು, ಬಟ್ಟೆ ಗಂಟು ಎತ್ತಿದರೆ ಸೊಂಟ ಹಿಡಿಯಬಾರದು. ಅಷ್ಟೇ. ತಿಳಿದವರು ಹೇಳಿ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ದಿನಾ ಮಾಡಿ ತಂಗಿ. ವಾರಕ್ಕೆ ಮೂರು ದಿನ ಅಂದುಕೊಂಡರೆ ಉಳಿದ ನಾಲ್ಕು ದಿನ ಮನಸ್ಸು ನೆಪ ಹುಡುಕುತ್ತದೆ. "ಇವತ್ತು ಬಿಡು, ನಾಳೆ ಮಾಡಿದರಾಯಿತು" ಅನ್ನುವ ಮಾತು ಅಲ್ಲಿಂದಲೇ ಶುರು. ಪಲ್ಟನ್‌ನಲ್ಲಿ ಬೆಳಿಗ್ಗೆ ಪಿಟಿ, ಸಂಜೆ ಗೇಮ್ಸ್ ಇರುತ್ತಿತ್ತು. ಇವತ್ತು ಮೂಡ್ ಇದೆಯಾ ಅಂತ ಯಾರೂ ಕೇಳುತ್ತಿರಲಿಲ್ಲ. ಐದಕ್ಕೆ ಎದ್ದು ಐದು ಕಿಲೋಮೀಟರ್ ಓಡಿ. ಒಂದು ತಿಂಗಳು ಕಷ್ಟ, ಆಮೇಲೆ ಓಡದಿದ್ದರೇ ಕಷ್ಟ ಆಗುತ್ತದೆ.

ತೋಟದ ದಾರಿ, ಸಿದ್ದಾಪುರ

ಸುಬೇದಾರ್ ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಐದು ಗಂಟೆ ಅನ್ನುವುದನ್ನು ಎಲ್ಲರಿಗೂ ಹೇಳಬೇಡಿ. ನಮ್ಮ ಸಿದ್ದಾಪುರ, ಅಮ್ಮತ್ತಿ ಕಡೆ ಆ ಹೊತ್ತಿಗೆ ಆನೆ ರಸ್ತೆ ದಾಟುತ್ತಿರುತ್ತದೆ. ತೋಟದಿಂದ ತೋಟಕ್ಕೆ ಹೋಗುವ ಹೊತ್ತೇ ಅದು. ಮಂಜು ಬೇರೆ, ಹತ್ತಡಿ ಮುಂದೆ ಏನಿದೆ ಅಂತ ಕಾಣುವುದಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ ಹೋಗಿ, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ. ಕುಶಾಲನಗರ ಪೇಟೆಯೊಳಗೆ ಆ ಭಯ ಕಡಿಮೆ, ಆದರೆ ಇದನ್ನು ಓದುವ ಉಳಿದವರಿಗೂ ತಿಳಿದಿರಲಿ.

ನನ್ನದೂ ಒಂದು ಪ್ರಶ್ನೆ. ತೋಟದಲ್ಲಿ ದಿನವಿಡೀ ಹತ್ತಿ ಇಳಿದು ಓಡಾಡುತ್ತೇನೆ. ಕಾಫಿ ಕುಯ್ಲು ಶುರುವಾದರೆ ಮೂಟೆ ಎತ್ತುವುದೂ ಇದೆ. ನನ್ನಂಥವರಿಗೂ ಬೇರೆ ವ್ಯಾಯಾಮ ಬೇಕಾ?

ಫಿಸಿಯೋ, ಮಡಿಕೇರಿ

ಅಕ್ಕ, ನಾನು ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ನೆಪದ ಬಗ್ಗೆ ಸುಬೇದಾರ್ ಅಂಕಲ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ 42ರಲ್ಲಿ ಮೊದಲ ಸಲ ಶುರು ಮಾಡುವವರಿಗೆ ದಿನಾ ಐದು ಕಿಲೋಮೀಟರ್ ಓಟ ಬೇಡವೇ ಬೇಡ. ಅವರಿಗೆ ಹದಿನೆಂಟು ಹತ್ತೊಂಬತ್ತರಲ್ಲಿ ಕಟ್ಟಿದ ದೇಹ ಇದೆ. ನಿಮ್ಮದು ಈಗ ಕಟ್ಟಬೇಕಾದದ್ದು.

ಮೊದಲ ಎರಡು ಮೂರು ತಿಂಗಳು ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಮಾಡಿ. ಸೋಮ, ಬುಧ, ಶುಕ್ರ ಅಂತಿಟ್ಟುಕೊಳ್ಳಿ. ಉಳಿದ ದಿನ ಮಲಗಿರಬೇಕು ಅಂತಲ್ಲ, ಆರಾಮಾಗಿ ನಡೆಯಿರಿ.

ನಡುವೆ ಯಾಕೆ ಬಿಡಬೇಕು? ಅಭ್ಯಾಸ ಇಲ್ಲದ ಸ್ನಾಯುವಿಗೆ ಭಾರ ಬಿದ್ದಾಗ ಅದರ ಎಳೆಗಳಿಗೆ ಸ್ವಲ್ಪ ಪೆಟ್ಟಾಗುತ್ತದೆ. ದೇಹ ಅದನ್ನು ಸರಿ ಮಾಡುತ್ತಾ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ನೋವೂ ತಕ್ಷಣ ಬರುವುದಿಲ್ಲ. ಮರುದಿನ ಶುರುವಾಗಿ, ಎರಡನೆಯ ಮೂರನೆಯ ದಿನಕ್ಕೆ ಜಾಸ್ತಿ ಆಗಿ, ವಾರದೊಳಗೆ ಹೋಗುತ್ತದೆ. ಮೊದಲ ದಿನ "ಏನೂ ಆಗಲಿಲ್ಲ" ಅಂತ ಮರುದಿನ ಇನ್ನಷ್ಟು ಮಾಡಿದವರು ಮೂರನೆಯ ದಿನ ಕಮೋಡ್ ಮೇಲೆ ಕೂರಲಾರದೆ ಒದ್ದಾಡುತ್ತಾರೆ. ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲೇ.

ಇನ್ನೊಂದು ಮಾತು, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಉಸಿರು ಬೇಗ ಸುಧಾರಿಸುತ್ತದೆ. ಸ್ನಾಯು ಅದಕ್ಕಿಂತ ನಿಧಾನ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್ ಎಲ್ಲಕ್ಕಿಂತ ನಿಧಾನ, ಅದಕ್ಕೆ ತಿಂಗಳುಗಳೇ ಬೇಕು. ನಾಲ್ಕನೆಯ ಐದನೆಯ ವಾರಕ್ಕೆ ಉಸಿರು ಹಗುರ ಆಗಿರುತ್ತದೆ, ಹುರುಪು ಬಂದಿರುತ್ತದೆ. ಆಗ ಒಮ್ಮೆಲೇ ದುಪ್ಪಟ್ಟು ಮಾಡುತ್ತಾರೆ. ಹಿಮ್ಮಡಿ ಹಿಡಿಯಿತು, ಮಂಡಿ ಹಿಡಿಯಿತು ಅಂತ ನಮ್ಮ ಹತ್ತಿರ ಬರುವುದು ಆಗಲೇ.

ಜಿಮ್‌ನವರ ಚಾರ್ಟ್ ಬಗ್ಗೆ: ಒಂದೊಂದು ದಿನ ಒಂದೊಂದು ಭಾಗ ಅನ್ನುವುದು ವರ್ಷಗಟ್ಟಲೆ ಮಾಡಿದವರಿಗೆ ಸರಿ ಹೋಗುತ್ತದೆ. ಹೊಸಬರು ಮೂರೂ ದಿನ ಇಡೀ ದೇಹಕ್ಕೆ ಮಾಡಿದರೆ ಸಾಕು. ಒಂದು ದಿನ ತಪ್ಪಿದರೂ ಯಾವ ಭಾಗವೂ ಉಪವಾಸ ಬೀಳುವುದಿಲ್ಲ. ಆರು ದಿನದ ಚಾರ್ಟ್‌ನಲ್ಲಿ ಬುಧವಾರ ಅಂಗಡಿಗೆ ಮಾಲು ಬಂತು ಅಂದರೆ ಆ ವಾರ ಕಾಲಿಗೆ ಕೆಲಸವೇ ಇಲ್ಲ, ಅಲ್ವಾ?

ಬಟ್ಟೆ ಅಂಗಡಿ, ಕುಶಾಲನಗರ

ತುಂಬಾ ಧನ್ಯವಾದ. ಈ ಮೂರು ದಿನದಲ್ಲಿ ಏನು ಮಾಡಬೇಕು, ಎಷ್ಟು ಹೊತ್ತು ಅಂತಲೂ ಹೇಳಿ. ಜಿಮ್‌ಗೆ ಹೋಗಲೇಬೇಕಾ? 150 ನಿಮಿಷ ಅಂತ ಎಲ್ಲೋ ಓದಿದ ನೆನಪು, ಅದೇನು?

ಫಿಸಿಯೋ, ಮಡಿಕೇರಿ

150 ನಿಮಿಷ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರ 2020ರ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಬೇಕು. ಓಟದಂಥ ಬಿರುಸಿನದಾದರೆ 75ರಿಂದ 150 ನಿಮಿಷ ಸಾಕು. ಇದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುವಿಗೆ ಬಲ ಕೊಡುವ ವ್ಯಾಯಾಮ ಇರಬೇಕು. ನಿಮ್ಮ ಯಜಮಾನರು ಬಿಟ್ಟಿರುವುದು ಈ ಎರಡನೆಯದನ್ನು. ವಾಕಿಂಗ್ ಒಳ್ಳೆಯದೇ, ಆದರೆ ಗಂಟು ಎತ್ತುವ ಸೊಂಟಕ್ಕೆ ಅದೊಂದೇ ಸಾಲದು.

ನಡಿಗೆ, ಓಟಕ್ಕೆ ಅವರು ಇಷ್ಟು ದಿನ ಅಂತ ಹೇಳಿಲ್ಲ, ನಿಮಿಷದ ಲೆಕ್ಕ ಕೊಟ್ಟಿದ್ದಾರೆ. 30 ನಿಮಿಷದಂತೆ ಐದು ದಿನವೂ ಆಗಬಹುದು, 50 ನಿಮಿಷದಂತೆ ಮೂರು ದಿನವೂ ಆಗಬಹುದು. 2010ರ ಮಾರ್ಗಸೂಚಿಯಲ್ಲಿ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕು ಅಂತಿತ್ತು. 2020ರಲ್ಲಿ ಅದನ್ನು ತೆಗೆದರು. ಊಟಕ್ಕೆ ಮನೆಗೆ ಬಿರಬಿರನೆ ನಡೆದು ಹೋದ ಏಳೆಂಟು ನಿಮಿಷವೂ ಈಗ ಲೆಕ್ಕಕ್ಕೆ ಬರುತ್ತದೆ. ಮೊದಲ ವಾರವೇ 150 ಮುಟ್ಟಬೇಕು ಅಂತೇನಿಲ್ಲ. 20 ನಿಮಿಷದಿಂದ ಶುರು ಮಾಡಿ, ವಾರಕ್ಕೋ ಹದಿನೈದು ದಿನಕ್ಕೋ ಐದು ನಿಮಿಷ ಸೇರಿಸಿ.

ವೇಗ ಗೊತ್ತು ಮಾಡಿಕೊಳ್ಳಲು ವಾಚ್ ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸಾಧಾರಣ ವೇಗ. ಕುಶಾಲನಗರದಲ್ಲಿ ಇದು ಸುಲಭ, ಊರು ಬಹುಮಟ್ಟಿಗೆ ಸಮತಟ್ಟು. ಮಡಿಕೇರಿಯವರಿಗೆ ಹೇಳುವುದಾದರೆ, ಇಲ್ಲಿ ಏರು ಬಂದ ಕೂಡಲೇ ಮಾತು ನಿಂತುಹೋಗುತ್ತದೆ. ಏರಿನಲ್ಲಿ ನಿಧಾನ ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಬಲಕ್ಕೆ ಮನೆಯೇ ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಗೋಡೆಗೆ ಕೈ ಕೊಟ್ಟು ದಂಡ (ಪುಶ್ ಅಪ್). ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು. ಐದು ಕೆಜಿ ಅಕ್ಕಿ ಚೀಲವನ್ನು ಎದೆಗೆ ಹತ್ತಿರ ಹಿಡಿದು, ಬೆನ್ನು ನೇರ ಇಟ್ಟು, ಮಂಡಿ ಮಡಚಿ ನೆಲದಿಂದ ಎತ್ತುವುದು. ನಿಮ್ಮ ಬಟ್ಟೆ ಗಂಟಿಗೆ ಬೇಕಾದದ್ದು ಮುಖ್ಯವಾಗಿ ಇದೇ. ಪ್ರತಿಯೊಂದನ್ನೂ ಎಂಟರಿಂದ ಹನ್ನೆರಡು ಸಲ, ಮೊದಲ ಎರಡು ವಾರ ಒಂದೇ ಸುತ್ತು, ಆಮೇಲೆ ಎರಡು. ಕೊನೆಯ ಎರಡು ಮೂರು ಸಲಕ್ಕೆ ಕಷ್ಟ ಅನ್ನಿಸಬೇಕು, ಆದರೆ ಉಸಿರು ಬಿಗಿ ಹಿಡಿಯಬಾರದು. ಎಲ್ಲಾ ಸೇರಿ 25 ನಿಮಿಷ ದಾಟುವುದಿಲ್ಲ. ಜಿಮ್ ಇಷ್ಟ ಇದ್ದರೆ ಹೋಗಿ, ಇದನ್ನೇ ಅಲ್ಲಿ ಮಾಡಿಸಲು ಹೇಳಿ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಆನೆ ವಿಷಯ ಒಪ್ಪಿದೆ, ಬೆಳಕು ಹರಿದ ಮೇಲೆಯೇ ಹೋಗಲಿ. ಫಿಸಿಯೋ ಮಗಳು ಹೇಳಿದ್ದರಲ್ಲೂ ತಥ್ಯ ಇದೆ. ರಂಗರೂಟ್‌ಗಳಲ್ಲಿ (ಹೊಸದಾಗಿ ಸೇರಿದ ಸಿಪಾಯಿಗಳಲ್ಲಿ) ಮೊದಲ ತಿಂಗಳುಗಳಲ್ಲೇ ಕಾಲಿನ ಮೂಳೆ ಬಿರುಕು ಬಿಟ್ಟವರನ್ನು ನಾನೂ ಕಂಡಿದ್ದೇನೆ.

ಆದರೂ ಒಂದು ಮಾತು ಬಿಡುವುದಿಲ್ಲ. ಏಳುವ ಹೊತ್ತು ಏಳೂ ದಿನ ಒಂದೇ ಇರಲಿ. ವ್ಯಾಯಾಮದ ದಿನ ವ್ಯಾಯಾಮ, ಉಳಿದ ದಿನ ಅದೇ ಹೊತ್ತಿಗೆ ಶೂ ಹಾಕಿಕೊಂಡು ಸುಮ್ನೆ ಒಂದು ಸುತ್ತು ನಡಿಗೆ. ಆ ಹೊತ್ತು ನಿಮ್ಮದು ಅಂತ ಮನೆಯವರಿಗೂ ಗೊತ್ತಾಗಬೇಕು. ಹೆಂಗಸರಿಗೆ ಇದು ಇನ್ನೂ ಮುಖ್ಯ. ಇಲ್ಲದಿದ್ದರೆ ಆ ಹೊತ್ತಿಗೆ ಯಾರಾದರೂ ಒಂದು ಕೆಲಸ ಹೇಳಿಯೇ ಹೇಳುತ್ತಾರೆ.

ಬಟ್ಟೆ ಅಂಗಡಿ, ಕುಶಾಲನಗರ

ಅಣ್ಣ, ಈ ಕೊನೆಯ ಮಾತು ಬಹಳ ಹಿಡಿಸಿತು. ಮನೆಯಲ್ಲಿ ಇವತ್ತೇ ಹೇಳಿಬಿಡುತ್ತೇನೆ.

ಪಿಟಿ ಮೇಷ್ಟ್ರು, ಗೋಣಿಕೊಪ್ಪ

ಸಿದ್ದಾಪುರದವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ತೋಟದ ಓಡಾಟವೂ ಲೆಕ್ಕಕ್ಕೆ ಬರುತ್ತದೆ ಸರ್. ಆ ಮಾರ್ಗಸೂಚಿಯಲ್ಲೇ ದುಡಿಮೆ, ಮನೆಗೆಲಸ, ನಡೆದು ಹೋಗುವುದು ಎಲ್ಲವನ್ನೂ ಚಟುವಟಿಕೆ ಅಂತಲೇ ಹಿಡಿದಿದ್ದಾರೆ. ನಡಿಗೆಯಲ್ಲಿ ನಿಮಗೆ ಕೊರತೆ ಇಲ್ಲ. ಆದರೆ ತೋಟದ ಕೆಲಸ ದೇಹದ ಎಲ್ಲ ಭಾಗಕ್ಕೂ ಸಮನಾಗಿ ಬೀಳುವುದಿಲ್ಲ. ಕುಯ್ಲಿನಲ್ಲಿ ಬಗ್ಗಿದ ಸೊಂಟ ಬಗ್ಗಿದಂತೇ ಇರುತ್ತದೆ, ಮೂಟೆ ಯಾವಾಗಲೂ ಒಂದೇ ಹೆಗಲಿಗೆ ಹೋಗುತ್ತದೆ, ಗಿಡದ ಕೊಂಬೆ ಕಪಾತು ಮಾಡುವಾಗ ಒಂದೇ ಕೈ.

ನಿಮ್ಮ ವಾರವನ್ನು ತೋಟದ ಕ್ಯಾಲೆಂಡರ್ ನೋಡಿ ಇಟ್ಟುಕೊಳ್ಳಿ. ಕೆಲಸ ಹಗುರ ಇರುವ ತಿಂಗಳಲ್ಲಿ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ, ಅದರಲ್ಲೂ ಬೆನ್ನು ಮತ್ತು ಎರಡೂ ಹೆಗಲಿಗೆ. ಕುಯ್ಲು ಬಿರುಸಾದಾಗ ಅದನ್ನು ಒಂದು ದಿನಕ್ಕೆ ಇಳಿಸಿ. ಸಂಜೆ ಹತ್ತು ನಿಮಿಷ ಸೊಂಟ, ತೊಡೆ ಸಡಿಲ ಮಾಡಿಕೊಂಡರೆ ಸಾಕು. ದಿನವಿಡೀ ಮೂಟೆ ಹೊತ್ತ ದಿನ ಮತ್ತೆ ಭಾರ ಎತ್ತುವುದು ಬೇಡ.

ಬಿಡುವಿನ ದಿನದ ಬೆಲೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕಾಫಿ ಹೂವು ಅರಳಿಸುವ ಹೂಮಳೆ ಎಷ್ಟು ಬೇಕೋ, ಹೂವು ಅರಳಿದ ದಿನ ಮಳೆ ಬಾರದೆ ಇರುವುದೂ ಅಷ್ಟೇ ಬೇಕು. ಅರಳಿದ ಮೇಲೇ ಸುರಿದರೆ ಕಾಯಿ ಕಟ್ಟುವುದಿಲ್ಲ ಅಂತ ನಿಮಗೆ ಗೊತ್ತು.

ಬ್ಯಾಂಕ್ ಕೆಲಸ, ವಿರಾಜಪೇಟೆ

ನನಗೆ 29. ವಾರದ ದಿನ ಒಂದು ನಿಮಿಷವೂ ಸಿಗುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಮಾಡಿದರೆ ನಡೆಯುತ್ತದಾ? ಗೆಳೆಯರು ಮುಂದಿನ ಭಾನುವಾರ ತಡಿಯಂಡಮೋಳ್ ಹತ್ತೋಣ ಅಂತಿದ್ದಾರೆ. ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡೆ.

ಪಿಟಿ ಮೇಷ್ಟ್ರು, ಗೋಣಿಕೊಪ್ಪ

ತಮ್ಮಾ, ವಾರಾಂತ್ಯಕ್ಕೆ ಮಾತ್ರ ಮಾಡುವವರಿಗೂ ಲಾಭ ಇದೆ. ಬ್ರಿಟನ್ನಿನ ಸುಮಾರು 90 ಸಾವಿರ ಜನರ ಕೈಗೆ ಒಂದು ವಾರ ಚಲನೆ ಅಳೆಯುವ ಯಂತ್ರ ಕಟ್ಟಿ, ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದ ಅಧ್ಯಯನ 2023ರಲ್ಲಿ ಬಂತು. 150 ನಿಮಿಷವನ್ನು ಹೆಚ್ಚಾಗಿ ಒಂದೆರಡು ದಿನದಲ್ಲೇ ಮುಗಿಸಿದವರಿಗೂ, ವಾರವಿಡೀ ಹಂಚಿಕೊಂಡವರಿಗೂ ಹೃದಯದ ಕಾಯಿಲೆ ಅಪಾಯ ಹೆಚ್ಚುಕಡಿಮೆ ಒಂದೇ ರೀತಿ ಕಡಿಮೆ ಇತ್ತು.

ಆದರೆ ಅದು ಅಭ್ಯಾಸ ಇದ್ದವರ ಮಾತು. ಕೂತು ಕೂತು ಇದ್ದ ಕಾಲನ್ನು ಒಮ್ಮೆಲೇ 1,748 ಮೀಟರ್ ಎತ್ತರದ ಬೆಟ್ಟಕ್ಕೆ ಒಯ್ದರೆ, ಪೆಟ್ಟು ಕೊಡುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈ ಮುಂದಕ್ಕೆ ಬೀಳದಂತೆ ತಡೆಯುತ್ತಾ, ಎಳೆದು ಉದ್ದ ಆಗುತ್ತಾ ಕೆಲಸ ಮಾಡುತ್ತದೆ. ಸ್ನಾಯು ಹೆಚ್ಚು ನೋಯುವುದು ಈ ಎರಡನೆಯ ಕೆಲಸದಲ್ಲಿ. ಉಸಿರು ಆರಾಮಾಗಿರುತ್ತದೆ, ಮಾತಾಡಿಕೊಂಡು ಇಳಿದು ಬರುತ್ತೀರಿ. ಮಂಗಳವಾರ ಬ್ಯಾಂಕಿನ ಮೆಟ್ಟಿಲು ಇಳಿಯಲು ಕಟಾಂಜನ ಹಿಡಿಯಬೇಕಾಗುತ್ತದೆ.

ಶನಿವಾರ, ಭಾನುವಾರ ಇಟ್ಟುಕೊಳ್ಳಿ, ಬುಧವಾರ ಒಂದು ಇಪ್ಪತ್ತು ನಿಮಿಷ ಹೇಗಾದರೂ ಮಾಡಿ ಸೇರಿಸಿ. ಊಟದ ನಂತರ ಬಸ್ ಸ್ಟ್ಯಾಂಡ್‌ವರೆಗೆ ಬಿರುಸಾಗಿ ಹೋಗಿ ಬಂದರೂ ಆಯಿತು. ಒಂದು ಆರು ವಾರ ಏರು ರಸ್ತೆಯಲ್ಲಿ ಹತ್ತಿ ಇಳಿದು ಅಭ್ಯಾಸ ಆಗಲಿ, ಆಮೇಲೆ ಬೆಟ್ಟ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ನರ್ಸ್, ಸೋಮವಾರಪೇಟೆ

ಸಕ್ಕರೆ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ದಿನಗಳ ಅಂತರ ಜಾಸ್ತಿ ಮುಖ್ಯ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು. ಸ್ನಾಯು ಕೆಲಸ ಮಾಡಿದ ಮೇಲೆ ರಕ್ತದ ಸಕ್ಕರೆಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಆ ಗುಣ ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ಶನಿವಾರ, ಭಾನುವಾರದ ಲೆಕ್ಕ ನಿಮಗೆ ಸರಿಬರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಡೋಸ್ ಬಗ್ಗೆ ಮಾತಾಡಿ. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಬರಿಗಾಲಲ್ಲಿ ನಡೆಯಬೇಡಿ, ಬಂದು ಪಾದ ನೋಡಿಕೊಳ್ಳಿ.

ಮನೆಯಲ್ಲಿ 65 ದಾಟಿದ ಅತ್ತೆ ಮಾವ ಇದ್ದರೆ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಆ ವಯಸ್ಸಿಗೆ ವಾರಕ್ಕೆ ಮೂರು ದಿನವಾದರೂ ಬ್ಯಾಲೆನ್ಸ್ ವ್ಯಾಯಾಮ ಬೇಕು. ಅಡುಗೆ ಕಟ್ಟೆ ಹಿಡಿದು ಒಂದು ಕಾಲ ಮೇಲೆ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆಯುವುದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬರುವ ಅಜ್ಜಿಯರನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಮೈ ಬಿಗಿತ ಬೇರೆ, ಅಪಾಯ ಬೇರೆ. ಎರಡೂ ತೊಡೆ ಸಮನಾಗಿ ನೋಯುತ್ತಿದ್ದರೆ ಹೆದರಬೇಡಿ. ಒಂದೇ ಕೀಲಿನಲ್ಲಿ ಚುಚ್ಚುವ ನೋವು, ಊತ ಇದ್ದರೆ ನಿಲ್ಲಿಸಿ ತೋರಿಸಿ. ಎದೆ ಹಿಂಡಿದ ಹಾಗಾಗಿ ಕೈಗೋ ದವಡೆಗೋ ನೋವು ಹರಿದರೆ, ತಲೆ ಸುತ್ತಿ ಬೆವರಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಅತಿಯಾಗಿ ಮಾಡಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೂ ತಡಮಾಡಬೇಡಿ, ಅದು ಕಿಡ್ನಿಗೆ ಪೆಟ್ಟು.

ಮಳೆ ಊರು, ಭಾಗಮಂಡಲ

ಮೂರು ದಿನ, ಐದು ದಿನ ಎಲ್ಲಾ ಸರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಕಕ್ಕಡ ತಿಂಗಳಲ್ಲಂತೂ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೇಳುವುದೇ ಬೇಡ. ಗಾಳಿ, ಜಿಗಣೆ, ಕರೆಂಟೂ ಇರುವುದಿಲ್ಲ. ಪ್ರತಿ ವರ್ಷ ಎಂಟು ತಿಂಗಳು ಮಾಡಿದ್ದು ನಾಲ್ಕು ತಿಂಗಳಲ್ಲಿ ಹೋಗುತ್ತದೆ ಅಂದರೆ ಏನು ಮಾಡುವುದು?

ಫಿಸಿಯೋ, ಮಡಿಕೇರಿ

ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ ಇದು. ಬಲವನ್ನು ಗಳಿಸುವುದಕ್ಕೆ ಮೂರು ದಿನ ಬೇಕು, ಉಳಿಸಿಕೊಳ್ಳುವುದಕ್ಕೆ ಅಷ್ಟು ಬೇಡ. ಎತ್ತುವ ಭಾರ ಕಡಿಮೆ ಮಾಡದಿದ್ದರೆ, ವಾರಕ್ಕೆ ಒಂದೇ ದಿನ ಮಾಡಿದರೂ ಗಳಿಸಿದ ಬಲ ಬಹುಮಟ್ಟಿಗೆ ನಿಲ್ಲುತ್ತದೆ. ವಯಸ್ಸಾದವರು ಎರಡು ದಿನ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಅದನ್ನೇ ಗುರಿ ಮಾಡಿ. ಕುರ್ಚಿ, ಗೋಡೆ, ಅಕ್ಕಿ ಚೀಲಕ್ಕೆ ಕರೆಂಟ್ ಬೇಡ.

ಉಸಿರಿನ ಶಕ್ತಿ ಬೇಗ ಇಳಿಯುತ್ತದೆ, ಎರಡು ಮೂರು ವಾರಕ್ಕೇ ಗೊತ್ತಾಗುತ್ತದೆ. ಅದಕ್ಕೆ ಜಗಲಿಯ ಮೆಟ್ಟಿಲು ಇದೆ. ಒಂದೇ ಮೆಟ್ಟಿಲನ್ನು ಹತ್ತಿ ಇಳಿದು, ಹತ್ತು ನಿಮಿಷದಂತೆ ದಿನಕ್ಕೆ ಎರಡು ಸಲ, ಮಾತಾಡಬಹುದು ಆದರೆ ಹಾಡಲು ಆಗದ ವೇಗದಲ್ಲಿ. ಮೆಟ್ಟಿಲು ಒಣಗಿರಲಿ, ಕಾಲು ಬದಲಾಯಿಸುತ್ತಾ ಇರಿ. ಅಕ್ಟೋಬರ್‌ನಲ್ಲಿ ಮತ್ತೆ ಹೊರಗೆ ಹೋದಾಗ ಮೇ ತಿಂಗಳಲ್ಲಿ ಬಿಟ್ಟಲ್ಲಿಂದ ಹಿಡಿಯಬೇಡಿ, ಅದರ ಅರ್ಧದಿಂದ ಶುರು ಮಾಡಿ. ಕಳೆದುಕೊಂಡದ್ದು ಮೊದಲ ಸಲಕ್ಕಿಂತ ಬೇಗ ವಾಪಸ್ ಬರುತ್ತದೆ.

ಲೆಫ್ಟ್ ಹಾಫ್, ನಾಪೋಕ್ಲು

ಮೇಷ್ಟ್ರೇ, ನನಗೆ 46. ಏಪ್ರಿಲ್‌ನಲ್ಲಿ ನಮ್ಮ ಒಕ್ಕ (ಮನೆತನ) ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಟೀಮ್ ಕಳಿಸುತ್ತಿದೆ. ಹನ್ನೊಂದು ಜನ ಆಗಬೇಕು, ನಾನೂ ಇಳಿಯಲೇಬೇಕು. ಕಾಲೇಜು ಬಿಟ್ಟ ಮೇಲೆ ಸ್ಟಿಕ್ ಹಿಡಿದಿಲ್ಲ. ಇನ್ನು ಆರು ತಿಂಗಳು ಇದೆ. ವಾರಕ್ಕೆ ಮೂರು ದಿನದಲ್ಲಿ ಆಗುತ್ತದಾ?

ಪಿಟಿ ಮೇಷ್ಟ್ರು, ಗೋಣಿಕೊಪ್ಪ

ಆಗುತ್ತದೆ, ಈಗಲೇ ಶುರು ಮಾಡಿದರೆ. 1997ರಲ್ಲಿ ಕರಡದಲ್ಲಿ ಈ ಹಬ್ಬ ಶುರುವಾದಾಗಿನಿಂದ ಅಜ್ಜ, ಮಗ, ಮೊಮ್ಮಗಳು ಒಂದೇ ಟೀಮಿನಲ್ಲಿ ಆಡುವುದನ್ನು ನೋಡುತ್ತಾ ಬಂದಿದ್ದೇವೆ. ಅದರಷ್ಟು ಖುಷಿ ಕೊಡುವುದು ಬೇರೆ ಇಲ್ಲ. ಜೊತೆಗೆ ಮೊದಲ ಮ್ಯಾಚಿನ ಮೊದಲ ಐದು ನಿಮಿಷದಲ್ಲೇ ತೊಡೆ ಹಿಂಭಾಗ ಹಿಡಿದುಕೊಂಡು ಹೊರಗೆ ಬರುವವರನ್ನೂ ನೋಡುತ್ತೇವೆ. ವಯಸ್ಸನ್ನು ದೂರುವುದು ಬೇಡ. ನಮ್ಮ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. ಮಂಡಿ ಸವೆದಿದ್ದರೂ ಅಯ್ಯಂಗಾರ್ ಯೋಗದಿಂದ ಆಡಲು ಸಾಧ್ಯವಾಯಿತು ಅಂತ ಅವರೇ ಹೇಳಿದ್ದಾರೆ.

ಪುತ್ತರಿವರೆಗೆ (ನವೆಂಬರ್ ಡಿಸೆಂಬರ್ ಹೊತ್ತಿನ ನಮ್ಮ ಸುಗ್ಗಿ ಹಬ್ಬ) ಬರೀ ಮೂರು ದಿನ, ಫಿಸಿಯೋ ಮೇಡಂ ಹೇಳಿದ ಹಾಗೆಯೇ. ನಡಿಗೆ ಮತ್ತು ಬಲ, ಓಟ ಬೇಡ. ಪುತ್ತರಿ ಮುಗಿದ ಮೇಲೆ ಆ ಮೂರರಲ್ಲಿ ಎರಡು ದಿನ ನಡಿಗೆಯ ನಡುವೆ ನಿಮಿಷ ನಿಮಿಷದ ಓಟ ಸೇರಿಸಿ. ಫೆಬ್ರುವರಿಯಿಂದ ನಾಲ್ಕನೆಯ ದಿನ ಸ್ಟಿಕ್ ಹಿಡಿದು ಮೈದಾನಕ್ಕೆ ಇಳಿಯಿರಿ. ಲೆಫ್ಟ್ ಹಾಫ್ ಅಂದರೆ ಬಗ್ಗಿ ನಿಲ್ಲುವುದು, ಥಟ್ಟನೆ ತಿರುಗುವುದು, ಥಟ್ಟನೆ ನಿಲ್ಲುವುದು. ನೇರ ಓಟ ಎಷ್ಟು ಮಾಡಿದರೂ ಇದು ಬರುವುದಿಲ್ಲ, ಇದನ್ನೇ ನಿಧಾನವಾಗಿ ಅಭ್ಯಾಸ ಮಾಡಬೇಕು. ಪೂರ್ತಿ ವೇಗದ ಓಟ ಮಾರ್ಚ್‌ನಲ್ಲಿ, ಅದೂ ಮೈ ಬಿಸಿಯಾದ ಮೇಲೆ, ವಾರಕ್ಕೆ ಒಂದೇ ದಿನ. ಮ್ಯಾಚಿಗೆ ಎರಡು ದಿನ ಮುಂಚೆಯಿಂದ ಕಾಲಿಗೆ ಭಾರದ ವ್ಯಾಯಾಮ ಪೂರ್ತಿ ಬಿಡಿ. ಶೂ ಈಗಲೇ ತೆಗೆದುಕೊಳ್ಳಿ. ಹೊಸ ಶೂ ಹಾಕಿಕೊಂಡು ಮ್ಯಾಚಿಗೆ ಇಳಿಯಬೇಡಿ.